ನಾಲ್ಕನ್ನು ಮೂರು ಮಾಡಿದವಳು

"ಇಲ್ಲಿ ನೋಡಿ," ಎಂದ ಮೇಲಧಿಕಾರಿ ಕ್ರೇಗ್, ಗೋಡೆಯ ದೊಡ್ಡ ಪರದೆಯ ಮೇಲೆ ರೋಸ್ಕೋ ಬಾಯ್ಕಿನ್ ಎಂಬ ಹೆಸರಿನ ಪಕ್ಕ ಬಾಣದ ಗುರುತು ನಿಲ್ಲಿಸಿ. "ಹದಿನೇಳನೇ ತಾರೀಖು ಬೆಳಿಗ್ಗೆ ಇವರಿಗೆ ನಾಲ್ಕು ಕೊಟ್ಟಿದೀರಿ. ಅವತ್ತೇ ಮಧ್ಯಾಹ್ನ ಅದನ್ನ ತೆಗೆದು ಮೂರು ಮಾಡಿದೀರಿ. ನಡುವೆ ಏನಾಯ್ತು ಶರೀಸ್?"

ಮೇಜಿನ ಸುತ್ತ ಆರು ತಂಡಗಳ ಆರು ಮುಖ್ಯಸ್ಥರು. ಉಳಿದ ಐವರೂ ಶರೀಸ್ ಕಡೆ ತಿರುಗಿದರು. ನಡುವೆ ಆದದ್ದು ಇಷ್ಟೇ: ಅವಳು ಊಟಕ್ಕೆ ಹೋಗಿದ್ದಳು. ಕಾಫಿ ಯಂತ್ರದ ಹತ್ತಿರ ಇಬ್ಬರು ಇತ್ತ ಬೆನ್ನು ಮಾಡಿ ನಿಂತು ಮಾತಾಡುತ್ತಿದ್ದರು. "ರೋಸ್ಕೋಗೇನು ಬಿಡು, ಈ ಸಲ ಐದು ಗ್ಯಾರಂಟಿ. ಮೇಲೆ ಅವರವಳೇ ಕೂತಿದ್ದಾಳಲ್ಲ," ಎಂದು ಒಬ್ಬ ಹೇಳಿದ್ದ, ಇನ್ನೊಬ್ಬ ನಕ್ಕಿದ್ದ. ಅವರಿಗೆ ಏನೂ ಗೊತ್ತಿರಲಿಲ್ಲ. ಎಪ್ಪತ್ತು ಜನರ ಆ ಮಹಡಿಯಲ್ಲಿ ಕಪ್ಪು ಜನ ಅಂತ ಇದ್ದದ್ದು ಶರೀಸ್, ರೋಸ್ಕೋ ಇಬ್ಬರೇ. ಅಷ್ಟರಿಂದಲೇ ಹುಟ್ಟಿದ ಮಾತು ಅದು. ಆದರೆ ಗೊತ್ತಿಲ್ಲದೆ ಎಸೆದ ಕಲ್ಲು ನೆಟ್ಟಗೆ ಬಂದು ಅವಳ ಹಣೆಗೇ ತಾಗಿತ್ತು. ಶರೀಸ್ ತಟ್ಟೆಯನ್ನು ಹಾಗೇ ಇಟ್ಟು ತನ್ನ ಜಾಗಕ್ಕೆ ಬಂದು ನಾಲ್ಕನ್ನು ಮೂರು ಮಾಡಿದ್ದಳು.

"ಮತ್ತೆ ಯೋಚನೆ ಮಾಡಿದೆ," ಎಂದಳು ಈಗ.

"ನೋಡಿ, ನನಗೆ ಇಷ್ಟವಾಗೋದೇ ಇದು," ಎಂದ ಕ್ರೇಗ್, ಉಳಿದವರಿಗೆ ಪಾಠ ಹೇಳುವವನಂತೆ. "ಶರೀಸ್ ತಮ್ಮವರು ಅಂತ ಸಡಿಲ ಬಿಡಲ್ಲ. ತಮ್ಮವರು ಅಂದ್ರೆ, ತಮ್ಮ ತಂಡದವರು." ಕೊನೆಯ ಮಾತನ್ನು ಸೇರಿಸುವಾಗ ಅವನ ಕಿವಿ ಕೆಂಪಾಯಿತು. ಎಲ್ಲರೂ ಗಮನಿಸದವರ ಹಾಗೆ ಕೂತರು.

ಆ ಕಂಪನಿ ಆಸ್ಪತ್ರೆಗಳಲ್ಲಿ ನರ್ಸುಗಳಿಗೆ ಪಾಳಿ ಹಂಚುವ ತಂತ್ರಾಂಶ ಮಾಡುತ್ತಿತ್ತು. ವರ್ಷಕ್ಕೊಮ್ಮೆ ಪ್ರತಿಯೊಬ್ಬರಿಗೂ ಒಂದರಿಂದ ಐದರವರೆಗೆ ಅಂಕಿ ಬೀಳುತ್ತಿತ್ತು. ಮೂರು ಅಂದರೆ ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಬಂದ, ಕೆಲಸ ಮಾಡಿದ, ಹೋದ ಎಂಬಂಥ ಅಂಕಿ. ಮೂರು ಪಡೆದು ಯಾರೂ ಕೆಟ್ಟಿರಲಿಲ್ಲ. ಹಾಗಂತಲೇ ಶರೀಸ್ ಆ ಮಧ್ಯಾಹ್ನ ಅಷ್ಟು ಸಲೀಸಾಗಿ ಕೈ ಆಡಿಸಿದ್ದಳು. ಆದರೆ ಈ ವರ್ಷ ನಲವತ್ತಮೂರು ಹೆಸರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಕು, ಕೊನೆಯ ನಾಲ್ವರಿಗೆ, ತಿದ್ದಿಕೊಳ್ಳಲು ಗಡುವು ಹಾಕಿದ ಸುಧಾರಣೆಯ ಪತ್ರ ಕೊಡಬೇಕು ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಅದು ಗೊತ್ತಾದದ್ದು ಇವತ್ತು ಬೆಳಿಗ್ಗೆ, ಈ ಮೇಜಿಗೆ ಬಂದು ಕೂತ ಮೇಲೆ.

"ನಾಲ್ಕೇ ಸರಿ ಅನ್ಸುತ್ತೆ," ಎಂದಳು ಶರೀಸ್. "ವಾಪಸು ನಾಲ್ಕು ಮಾಡ್ತೀನಿ."

"ಮಾಡಬಹುದು. ಆದ್ರೆ ಹೊಸದೇನಾದ್ರೂ ಇದ್ಯಾ?" ಎಂದ ಪಕ್ಕದ ತಂಡದ ಟೈಲರ್. ಅವನ ಕಡೆಯ ಹುಡುಗನೊಬ್ಬ ಅದೇ ಗಡಿಯಲ್ಲಿ ತೂಗಾಡುತ್ತಿದ್ದ. "ಕೆಳಗೆ ನೀವೇ ಬರೆದಿರೋ ಉದಾಹರಣೆ ಅಷ್ಟು ಸ್ಪಷ್ಟವಾಗಿದೆ."

ಉದಾಹರಣೆ ಇಲ್ಲದೆ ಅಂಕಿ ಇಳಿಸಲು ಆ ವ್ಯವಸ್ಥೆ ಬಿಡುತ್ತಿರಲಿಲ್ಲ. ರೋಸ್ಕೋನ ಇಡೀ ವರ್ಷದ ಕೆಲಸ ಜಾಲಾಡಿದರೂ ಅವಳಿಗೆ ಒಂದು ಹುಳುಕು ಸಿಕ್ಕಿರಲಿಲ್ಲ. ಆಗ ನೆನಪಾದದ್ದು ಮೇಕನ್ ಊರಿನ ನರ್ಸಮ್ಮನ ಕಥೆ. ಯಾವುದೋ ಗೊಂದಲದಲ್ಲಿ ರೋಸ್ಕೋನ ಸ್ವಂತ ಫೋನ್ ನಂಬರು ಆ ಆಸ್ಪತ್ರೆಯವರ ಕೈ ಸೇರಿತ್ತು. ಒಂದೇ ದಿನ ಎರಡು ಪಾಳಿ ಬಿದ್ದಿದೆ ಎಂದು ದೂರು ಹೇಳಲು ಕರೆ ಮಾಡಿದ ಹೆಂಗಸು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯ ಮಾತಿಗೆ ಬಂದು ಅಳತೊಡಗಿದ್ದಳು. ರೋಸ್ಕೋ ತನ್ನ ಕೆಲಸ ಬಿಟ್ಟು ಒಂದೂವರೆ ಗಂಟೆ ಕೇಳಿಸಿಕೊಂಡಿದ್ದ. ಅವತ್ತು ಮುಗಿಸಬೇಕಾದದ್ದು ಮರುದಿನ ಮುಗಿಯಿತು, ಅದರಿಂದ ಯಾರಿಗೂ ಏನೂ ಆಗಲಿಲ್ಲ. ಇದನ್ನು ಅವನು ಶರೀಸ್‌ಗೆ ಹೇಳಿದ್ದು ಅವಳ ಅಡುಗೆಮನೆಯಲ್ಲಿ, ಭಾನುವಾರ ಬೆಳಿಗ್ಗೆ, ಬೆಣ್ಣೆ ಹಾಕಿದ ಗ್ರಿಟ್ಸ್ ಗಂಜಿಯನ್ನು ಒಲೆಯ ಮೇಲೆ ಕೈಯಾಡಿಸುತ್ತಾ. ಅವಳು ಹಿಂದಿನಿಂದ ಹೋಗಿ ಅವನ ಬೆನ್ನಿಗೆ ಕೆನ್ನೆ ಇಟ್ಟಿದ್ದಳು.

ಪರದೆಯ ಮೇಲೆ ಈಗ ಅದು ಹೀಗೆ ಕಾಣುತ್ತಿತ್ತು: 'ಗ್ರಾಹಕರ ವೈಯಕ್ತಿಕ ವಿಷಯಗಳಲ್ಲಿ ತೊಡಗಿ ಸಮಯ ಕಳೆಯುತ್ತಾರೆ. ಕೆಲಸಕ್ಕೆ ಗಡಿ ಹಾಕಿಕೊಳ್ಳುವುದನ್ನು ಕಲಿಯಬೇಕಿದೆ. ಉದಾಹರಣೆಗೆ, ಮೇಕನ್ ಆಸ್ಪತ್ರೆಯ ನರ್ಸೊಬ್ಬರ ಜೊತೆ ಒಂದೂವರೆ ಗಂಟೆ ಫೋನಿನಲ್ಲಿ...' ಹೇಳಬೇಕಾದ ನಿಜ ಒಂದೇ ಇತ್ತು, ಅದನ್ನು ಹೇಳಿದರೆ ಅವನ ಜೊತೆ ತನ್ನ ಕುರ್ಚಿಯೂ ಹೋಗುತ್ತಿತ್ತು. ಶರೀಸ್ ನೀರು ಕುಡಿದು ಲೋಟ ಕೆಳಗಿಟ್ಟಳು. ರೋಸ್ಕೋ ಬಾಯ್ಕಿನ್ ಎಂಬ ಹೆಸರು ಜಾರಿ ನಲವತ್ತನೆಯ ಜಾಗಕ್ಕೆ ಬಂದು ನಿಂತಿತು.

ಅವಳನ್ನು ಬೆಳೆಸಿದ ಮನೆಯಲ್ಲಿ ಹತ್ತಕ್ಕೆ ಹತ್ತು ತಂದರೂ ಅದೇ ಲೆಕ್ಕವನ್ನು ಅಮ್ಮನ ಎದುರು ಇನ್ನೊಂದು ಸಲ ಮಾಡಿ ತೋರಿಸಬೇಕಿತ್ತು. ನಕಲು ಹೊಡೆದಿದ್ದಾಳೆಂದು ಮೇಷ್ಟರು ಅಂದರೆ ಉತ್ತರಕ್ಕೆ ತಯಾರಿರಲಿ ಎಂದು. ಮೂವತ್ತೈದು ವರ್ಷಕ್ಕೂ ಆ ಅಭ್ಯಾಸ ಹೋಗಿರಲಿಲ್ಲ. ಯಾರೂ ಇನ್ನೂ ಹೊರಿಸದ ಆಪಾದನೆಗೆ ಉತ್ತರ ತಯಾರು ಮಾಡುವುದು ಅವಳಿಗೆ ಉಸಿರಾಟದಷ್ಟು ಸಹಜ. ತನ್ನ ಮೇಲೆ ನಡೆಸುತ್ತಿದ್ದ ಆ ದರ್ಬಾರನ್ನು ಈ ಸಲ ಅವನ ಮೇಲೂ ನಡೆಸಿಬಿಟ್ಟಿದ್ದಳು.

ಸಂಜೆ ಕೆಳಗಿಳಿದಾಗ ಬಾಗಿಲ ಬಳಿಯ ಕಾವಲು ಮೇಜಿನಲ್ಲಿ ಲೊರೇನ್ ಅಮ್ಮ ಕೂತಿದ್ದಳು. ಅರವತ್ತು ದಾಟಿದ ಹೆಂಗಸು, ಆ ಕಟ್ಟಡದಲ್ಲಿ ಅವಳಿಗೆ ತಿಳಿಯದ ವಿಷಯವಿಲ್ಲ.

"ಏನ್ ತಾಯಿ, ಮುಖ ಬಾಡಿದೆ?" ಎಂದಳು. "ಅವನು ಹತ್ತು ನಿಮಿಷದ ಹಿಂದೆ ಹೋದ. ಕಾರು ನಿಲ್ಸೋ ಕಡೆ ಕಾಯ್ತಿರ್ತಾನೆ."

"ಯಾರು ಲೊರೇನ್ ಅಮ್ಮ?"

"ಅಯ್ಯೋ, ಯಾರು ಅಂತೆ! ನೀವಿಬ್ರೂ ಬೇರೆ ಬೇರೆ ಲಿಫ್ಟ್‌ನಲ್ಲಿ ಬರ್ತೀರ, ಬೇರೆ ಬೇರೆ ಬಾಗಿಲಲ್ಲಿ ಹೋಗ್ತೀರ, ಒಂದೇ ಸೋಪಿನ ವಾಸನೆ ಹೊಡೀತೀರ. ನನಗೆ ಕಣ್ಣು ಮಂಜಾಗಿರಬಹುದು, ಮೂಗು ಸರಿಯಾಗೇ ಇದೆ." ಆಮೇಲೆ ದನಿ ತಗ್ಗಿಸಿ, "ನಾನು ಯಾರಿಗೂ ಹೇಳೋಳಲ್ಲ. ಆದ್ರೆ ಬೇಗ ಹೇಳ್ಕೊಂಡ್ಬಿಡಿ ಮಗಳೇ. ಬಚ್ಚಿಟ್ಟಷ್ಟೂ ಇವರು ಬೇರೆ ಏನೋ ಅಂದ್ಕೋತಾರೆ," ಎಂದಳು.

ಹೇಳಿಕೊಳ್ಳುವುದಕ್ಕೂ ಒಂದು ಪತ್ರವಿತ್ತು. ಒಬ್ಬರ ಕೈಕೆಳಗೆ ಇನ್ನೊಬ್ಬರು ಕೆಲಸ ಮಾಡುತ್ತಿದ್ದು ನಡುವೆ ಸಂಬಂಧ ಇದ್ದರೆ ಮೂವತ್ತು ದಿನದೊಳಗೆ ಇಬ್ಬರೂ ಸಹಿ ಹಾಕಿ ಕೊಡಬೇಕು. ಶರೀಸ್ ಮತ್ತು ರೋಸ್ಕೋ ಹೋದ ನವೆಂಬರಿನಿಂದ ಜೊತೆಗಿದ್ದರು. ಆಗ ಇಬ್ಬರೂ ಸರಿಸಮ. ಮಾರ್ಚಿನಲ್ಲಿ ಅವಳನ್ನು ತಂಡದ ಮುಖ್ಯಸ್ಥೆ ಮಾಡಿದರು; ಆ ಮಹಡಿಯಲ್ಲಿ ಅಂಥ ಕುರ್ಚಿಯಲ್ಲಿ ಕೂತ ಮೊದಲ ಕಪ್ಪು ಹೆಂಗಸು ಅವಳೇ. ಒಂದು ವಾರ ಸಂಭ್ರಮಿಸಿದರು, ಎರಡನೆಯ ವಾರ ಯೋಚನೆಗೆ ಬಿದ್ದರು. ಈಗ ಹೇಳಿದರೆ ರೋಸ್ಕೋನ ಅಂಕಿಗೆ ಬೆಲೆ ಇರುವುದಿಲ್ಲ, ಅಂಕಿ ಬಂದ ಮರುದಿನವೇ ಹೇಳಿಬಿಡೋಣ ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದರು. ಈಗ ಸೆಪ್ಟೆಂಬರು. ಮೂವತ್ತು ದಿನ ಎಂದೋ ದಾಟಿತ್ತು. ಕದ್ದು ನಡೆಸುವುದರಲ್ಲಿ ಸುಖವಿದೆ ಎನ್ನುತ್ತಾರೆ. ಇವರ ಪಾಲಿಗೆ ಬಂದದ್ದು ಬರೀ ಕದಿಯುವ ಕಷ್ಟ.

ಕಾರಿನ ಹತ್ತಿರ ರೋಸ್ಕೋ ನಿಜಕ್ಕೂ ಕಾಯುತ್ತಿದ್ದ. ಎತ್ತರದ ಆಳು, ಎರಡೂ ಕೈ ಜೇಬಿನಲ್ಲಿ. ಸುತ್ತ ನೋಡಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅವಳ ಚೀಲ ತೆಗೆದುಕೊಂಡ.

"ಭಾನುವಾರ ಅಮ್ಮನ ಮನೆಗೆ ಊಟಕ್ಕೆ ಬರ್ತಿದೀಯ. ಹೇಳ್ಬಿಟ್ಟಿದೀನಿ," ಎಂದ. "ಚರ್ಚು ಮುಗಿಸಿ ಸೀದಾ. ತಪ್ಪಿಸಿಕೊಳ್ಳೋ ಹಾಗಿಲ್ಲ."

"ಈ ಭಾನುವಾರಾನೇ?"

"ಮತ್ಯಾವಾಗ? ಮಂಗಳವಾರ ಅಂಕಿ ಕೊಡ್ತಾರೆ. ಬುಧವಾರ ಪತ್ರಕ್ಕೆ ಸಹಿ ಹಾಕ್ತೀವಿ. ಊರಿಗೆಲ್ಲ ಗೊತ್ತಾಗೋ ಮುಂಚೆ ಹೆತ್ತವಳಿಗೆ ತೋರಿಸ್ಬೇಡ್ವೇನೆ?"

ಅವನ ಮುಖದಲ್ಲಿದ್ದ ನಂಬಿಕೆಯನ್ನು ನೋಡಲಾಗಲಿಲ್ಲ ಅವಳಿಗೆ. ನಾಲ್ಕು ವರ್ಷದ ಹಿಂದೆ ಬೇರೆ ಕಂಪನಿಯಲ್ಲಿ ಅವನಿಗೆ ಇಂಥದೇ ಸುಧಾರಣೆಯ ಪತ್ರ ಸಿಕ್ಕಿತ್ತು. ಅರವತ್ತು ದಿನದ ಗಡುವು. ಅರವತ್ತು ದಿನವೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಹೋಗಿ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದನಂತೆ. ಅರವತ್ತೊಂದನೆಯ ದಿನ ಹೊರಗೆ ಹಾಕಿದರು. ಹನ್ನೊಂದು ತಿಂಗಳು ಬಾಡಿಗೆಗೆ ಕಾರು ಓಡಿಸಿದ. "ಅವರು ಮೊದಲೇ ನಿರ್ಧಾರ ಮಾಡಿರ್ತಾರೆ ಶರೀಸ್. ಆ ಕಾಗದ ಬರೀ ನಾವು ಬಾಯಿ ಬಿಡದಿರ್ಲಿ ಅಂತ," ಎಂದು ಒಮ್ಮೆ ಹೇಳಿದ್ದ. ಆ ಪತ್ರ ಪಡೆದು ಉಳಿದವರನ್ನು ಅವಳೂ ಕಂಡಿರಲಿಲ್ಲ.

ಶುಕ್ರವಾರ ಹೇಳೋಣವೆಂದುಕೊಂಡಳು. ಶನಿವಾರ ಹೇಳೋಣವೆಂದುಕೊಂಡಳು. ಅಂಕಿ ಇಷ್ಟು ಎಂದು ಹೇಳುವುದು ಕಷ್ಟವಿರಲಿಲ್ಲ. ಇಳಿಸಿದವಳು ನಾನು, ಅದಕ್ಕೆ ನೀನು ನನ್ನ ಅಡುಗೆಮನೆಯಲ್ಲಿ ಹೇಳಿದ ಮಾತನ್ನೇ ಬಳಸಿಕೊಂಡೆ ಎಂದು ಹೇಳುವುದು ಹೇಗೆ? ಶನಿವಾರ ಕ್ರೇಗ್‌ಗೆ ಫೋನ್ ಮಾಡಿ, ಸುಧಾರಣೆಯ ಪತ್ರದಿಂದ ಆ ಉದಾಹರಣೆಯನ್ನಾದರೂ ತೆಗೆಯಿರಿ ಎಂದು ಕೇಳಿದಳು. "ಅದು ತಾನಾಗೇ ಬಂದು ಕೂರುತ್ತೆ ಶರೀಸ್, ನಮ್ಮ ಕೈಯಲ್ಲಿಲ್ಲ. ಚೆನ್ನಾಗೇ ಬರೆದಿದೀರಲ್ಲ, ಯಾಕೆ ಚಿಂತೆ?" ಎಂದ ಅವನು.

ಭಾನುವಾರ ಈಸ್ಟ್ ಪಾಯಿಂಟಿನ ಆ ಚಿಕ್ಕ ಮನೆಯ ಬಾಗಿಲಲ್ಲಿ ರೋಸ್ಕೋನ ತಾಯಿ, ಎಲ್ಲರ ಬಾಯಲ್ಲೂ ಮಿಸ್ ಒಡೆಸ್ಸಾ, ಚರ್ಚಿನ ನೇರಳೆ ಟೋಪಿಯನ್ನು ಇನ್ನೂ ತೆಗೆಯದೆ ನಿಂತಿದ್ದಳು. ಶರೀಸ್ ಕೈಯಲ್ಲಿದ್ದ ಗಾಜಿನ ಪಾತ್ರೆಯ ಮುಚ್ಚಳವನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದಳು.

"ಮ್ಯಾಕರೋನಿನಾ? ಮೊದಲನೇ ಸಲಕ್ಕೇ ಮ್ಯಾಕರೋನಿ ತಂದ್ಯಾ ನನ್ನ ಮನೆಗೆ?" ಎಂದಳು. "ಧೈರ್ಯ ಇದೆ ಕಣೋ ಇವಳಿಗೆ, ರೋಸ್ಕೋ. ನಮ್ಮ ಚರ್ಚಲ್ಲಿ ಯಾರು ಮಾಡಿದ್ದು ಅಂತ ಕೇಳದೆ ಮ್ಯಾಕರೋನಿ ಒಬ್ಬರೂ ಮುಟ್ಟಲ್ಲ."

"ಅಮ್ಮ, ಒಳಗೆ ಬಿಡು ಅವಳನ್ನ."

"ಬಿಡ್ತೀನಿ. ತಿಂದ ಮೇಲೆ ಇರಿಸ್ಕೋಬೇಕೋ ಬೇಡವೋ ನೋಡ್ತೀನಿ."

ಮೇಜಿನ ಮೇಲೆ ಗೊಜ್ಜಿನಲ್ಲಿ ಬೆಂದ ಟರ್ಕಿ ಕೋಳಿಯ ರೆಕ್ಕೆ, ಕಾಲರ್ಡ್ ಸೊಪ್ಪು, ಸಕ್ಕರೆ ಸುರಿದ ತಣ್ಣನೆಯ ಟೀ. ಮೂವರೂ ಕೈ ಕೈ ಹಿಡಿದು ಕಣ್ಣು ಮುಚ್ಚಿದರು. ಮಿಸ್ ಒಡೆಸ್ಸಾ ದೇವರ ಜೊತೆ ಪಕ್ಕದ ಮನೆಯವನ ಹತ್ತಿರ ಮಾತಾಡುವ ಹಾಗೆ ಮಾತಾಡಿದಳು. ಊಟಕ್ಕೆ, ಮಂಡಿ ನೋವು ಕಡಿಮೆಯಾದದ್ದಕ್ಕೆ ಕೃತಜ್ಞತೆ ಹೇಳಿ, "ಮತ್ತೆ ಸ್ವಾಮಿ, ಆ ಜಾಗದಲ್ಲಿ ನನ್ನ ಮಗನ ಪರವಾಗಿ ಮಾತಾಡೋಕೆ ಕೊನೆಗೂ ಒಬ್ಬಳನ್ನ ಕೂರಿಸಿದ್ಯಲ್ಲ, ಅದಕ್ಕೆ ಬೇರೆಯಾಗಿ ಹೇಳ್ತಿದೀನಿ," ಎಂದಳು. ಶರೀಸ್ ಕಣ್ಣು ತೆರೆದಳು. ಕೈ ಬಿಡಿಸಿಕೊಳ್ಳಲು ಆಗಲಿಲ್ಲ, ಒಂದು ತಾಯಿಯ ಹಿಡಿತದಲ್ಲಿತ್ತು, ಇನ್ನೊಂದು ಮಗನದರಲ್ಲಿ.

ಮ್ಯಾಕರೋನಿಯನ್ನು ಮಿಸ್ ಒಡೆಸ್ಸಾ ಮೊದಲು ಚಮಚದ ತುದಿಯಲ್ಲಿ ಮುಟ್ಟಿದಳು, ಆಮೇಲೆ ಎರಡು ಸಲ ಬಡಿಸಿಕೊಂಡಳು. ತಾನು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಟೆಲಿಫೋನ್ ಮೇಜಿನಲ್ಲಿ ಕೂತಿದ್ದ ಕಥೆ ಶುರು ಮಾಡಿದಳು.

"ಇವನಿಗೆ ಶಾಲೆ ಇಲ್ಲದ ದಿನ ನನ್ನ ಕಾಲ ಹತ್ರಾನೇ ಕೂರಿಸ್ಕೋತಿದ್ದೆ. ಫೋನ್ ಮಾಡೋರಿಗೆ ಬೇಕಾಗಿರೋದು ಯಾವುದೋ ವಾರ್ಡಿನ ನಂಬರು. ಆದ್ರೆ ಅಳ್ತಿರ್ತಾರೆ. ಅಳೋರ ಫೋನ್ ನಾನು ಇಡ್ತಿರ್ಲಿಲ್ಲ. ಮೇಲಧಿಕಾರಿ ಬಂದು ಬೈದು ಹೋಗ್ತಿದ್ದ. ಇವನು ಕೆಳಗಿಂದ ನೋಡ್ತಿದ್ದ. ಈಗ ಇವನೂ ಹಾಗೇ ಆಗಿದ್ದಾನೆ, ಅಲ್ವಾ? ನೀನೇ ನೋಡಿರ್ತೀಯಲ್ಲ ಮಗಳೇ."

"ಹೌದಮ್ಮ," ಎಂದಳು ಶರೀಸ್. "ನೋಡಿದೀನಿ."

"ಹೂಂ. ಕೆಲ್ಸದಲ್ಲಿ ಮೇಲೆ ಕೂತಿದೀಯ, ಮನೇಲೂ ಹಾಗೇ ಕೂತ್ಕೋ. ಇವರಪ್ಪನ್ನ ನಾನು ಹಾಗೇ ಇಟ್ಟಿದ್ದೆ." ಮಿಸ್ ಒಡೆಸ್ಸಾ ಗಹಗಹಿಸಿ ನಕ್ಕಳು. ರೋಸ್ಕೋ ನಾಚಿ ತಟ್ಟೆ ಎತ್ತಿಕೊಂಡು ಎದ್ದ. ಶರೀಸ್ ನಗುವಂತೆ ಮಾಡಿ ಟೀ ಕುಡಿದಳು.

ಅಡುಗೆಮನೆಯಲ್ಲಿ ಅವನು ತೊಳೆದ, ಇವಳು ಒರೆಸಿದಳು. "ನೋಡಿದ್ಯಾ, ನಿನಗೆ ಊಟ ಕಟ್ಟಿಕೊಡೋಕೆ ಕಾಗದ ಹುಡುಕ್ತಿದ್ದಾಳೆ. ಅಲ್ಲಿಗೆ ಪಾಸಾದೆ ಅಂತ ಅರ್ಥ," ಎಂದ ರೋಸ್ಕೋ.

"ರೋಸ್ಕೋ, ಒಂದು ಮಾತು ಹೇಳ್ಬೇಕು. ಅಂಕಿ ವಿಷಯ."

ಅವನು ಸೋಪಿನ ಕೈಯನ್ನು ಮೇಲೆತ್ತಿ ಅವಳನ್ನು ತಡೆದ. "ಬೇಡ. ಎಷ್ಟೇ ಬಂದಿರ್ಲಿ, ಮಂಗಳವಾರ ಎಲ್ಲರ ಹಾಗೇ ತಿಳ್ಕೋತೀನಿ. ಮುಂಚೆ ಹೇಳ್ಬಾರ್ದು ಅಂತ ನಿಯಮ ಇದೆ ತಾನೇ? ನನಗೋಸ್ಕರ ಮುರಿದೆ ಅಂತ ನಾಳೆ ಯಾರೂ ನಿನ್ನ ಕಡೆ ಬೆರಳು ತೋರಿಸ್ಬಾರ್ದು."

"ಆದ್ರೂ..."

"ನಿನ್ನ ಕೈಯಲ್ಲಿ ಇದ್ರೆ ನನಗೆ ಹೆದರಿಕೆ ಇಲ್ಲ ಕಣೇ. ಮುಗೀತು."

ಶರೀಸ್‌ಗೆ ಆ ಕ್ಷಣ ನಿರಾಳವಾಯಿತು. ನಿರಾಳವಾದದ್ದು ಗೊತ್ತಾಗಿ ನಾಚಿಕೆಯಾಯಿತು, ತನ್ನ ಮೇಲೇ ಹೇಸಿಗೆಯಾಯಿತು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಾ ನಿಂತಳು.

ಮಂಗಳವಾರ ಹನ್ನೊಂದು ಗಂಟೆಗೆ ಮ್ಯಾಗ್ನೋಲಿಯ ಎಂಬ ಕೋಣೆ. ಆ ಮಹಡಿಯ ಕೋಣೆಗಳಿಗೆಲ್ಲ ಮರಗಳ ಹೆಸರು, ನಾಲ್ಕೂ ಕಡೆ ಗಾಜು. ಸಿಬ್ಬಂದಿ ವಿಭಾಗದ ಬೆತ್ ಹಳದಿ ಪುಸ್ತಕ ಬಿಚ್ಚಿಕೊಂಡು ಶರೀಸ್ ಪಕ್ಕದಲ್ಲಿ ಕೂತಿದ್ದಳು. ಪತ್ರವನ್ನು ಮುಖ್ಯಸ್ಥರೇ ಪೂರ್ತಿ ಗಟ್ಟಿಯಾಗಿ ಓದಬೇಕು, ಬೆತ್ ಸಾಕ್ಷಿಯಾಗಿ ಬರೆದುಕೊಳ್ಳಬೇಕು, ಕೊನೆಗೆ ಮೂವರ ಸಹಿ. ಅದು ಪದ್ಧತಿ.

ನಗುತ್ತಲೇ ಬಾಗಿಲು ತಳ್ಳಿದ ರೋಸ್ಕೋ ಬೆತ್‌ಳನ್ನು ನೋಡಿದ. ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಇಂಥ ಕೋಣೆಯಲ್ಲಿ ಹಿಂದೆ ಒಮ್ಮೆ ಕೂತಿದ್ದವನು. ನಗು ಎಲ್ಲಿತ್ತೋ ಅಲ್ಲೇ ಒಣಗಿತು. ಕುರ್ಚಿ ಎಳೆದು ಕೂತು, ಬಿಚ್ಚಿಕೊಂಡಿದ್ದ ತೋಳಿನ ಗುಂಡಿಯನ್ನು ನಿಧಾನವಾಗಿ ಹಾಕಿಕೊಂಡ. ಶರೀಸ್ ಕಡೆ ನೋಡಲಿಲ್ಲ. ಪಾಪ, ಇವಳಿಂದ ಬಲವಂತವಾಗಿ ಮಾಡಿಸುತ್ತಿದ್ದಾರೆ ಎಂದುಕೊಂಡಿರಬೇಕು; ಆ ಮುಖದಲ್ಲಿ ಅವಳ ಮೇಲೆ ಕನಿಕರವೇ ಇತ್ತು. ಅದಕ್ಕಿಂತ ಅವನು ಎದ್ದು ಬೈದಿದ್ದರೆ ವಾಸಿಯಿತ್ತು.

ಶರೀಸ್ ಓದಿದಳು. ಕಂಪನಿಯ ನಿರೀಕ್ಷೆ, ಅರವತ್ತು ದಿನ, ವಾರಕ್ಕೊಂದು ವರದಿ. ದನಿ ನಡುಗದಂತೆ ಒಂದೊಂದೇ ಪದವನ್ನು ಎತ್ತಿ ಇಡುತ್ತಾ ಹೋದಳು. ಕೊನೆಯ ಪ್ಯಾರಾಕ್ಕೆ ಬಂದಾಗ ಒಮ್ಮೆ ನಿಂತಳು, ಆಮೇಲೆ ಅದನ್ನೂ ಓದಿದಳು. "ಉದಾಹರಣೆಗೆ, ಮೇಕನ್ ಆಸ್ಪತ್ರೆಯ ನರ್ಸೊಬ್ಬರ ಜೊತೆ ಒಂದೂವರೆ ಗಂಟೆ ಫೋನಿನಲ್ಲಿ ವೈಯಕ್ತಿಕ ವಿಷಯ ಮಾತಾಡಿ..."

"ಒಂದು ನಿಮಿಷ," ಎಂದ ರೋಸ್ಕೋ. "ಆ ಸಾಲು ಇನ್ನೊಂದು ಸಲ ಓದ್ತೀರಾ?"

ಓದಿದಳು. ಈ ಸಲ ಅವನು ಅವಳನ್ನೇ ನೋಡುತ್ತಿದ್ದ.

"ವಿಷಯ ಸರಿಯಿಲ್ಲ ಅಂತೀರಾ?" ಎಂದು ಕೇಳಿದಳು ಬೆತ್.

"ವಿಷಯ ಸರಿಯಾಗೇ ಇದೆ. ಆದ್ರೆ ಅದು ನನ್ನ ಸ್ವಂತ ಫೋನು. ಆಫೀಸಿನ ಯಾವ ದಾಖಲೆಯಲ್ಲೂ ಅದು ಇರೋಕೆ ಸಾಧ್ಯ ಇಲ್ಲ." ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯಿತು. ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ಎಲ್ಲವೂ ಅರ್ಥವಾಗಿತ್ತು.

ಬೆತ್ ಪುಟ ತಿರುಗಿಸಿದಳು. "ಹಾಗಾದ್ರೆ ಇದು ನಿಮಗೆ ಎಲ್ಲಿಂದ ಗೊತ್ತಾಯ್ತು ಶರೀಸ್? ಆಧಾರ ಇಂಥದು ಅಂತ ನಾನು ಬರ್ಕೋಬೇಕು."

ಗಾಜಿನಾಚೆ ಯಾರೋ ಕಾಫಿ ಲೋಟ ಹಿಡಿದು ಹಾದುಹೋದರು, ಒಳಗೆ ಇಣುಕಿ ತಕ್ಷಣ ಮುಖ ತಿರುಗಿಸಿದರು.

"ಕ್ಯಾಂಟೀನಲ್ಲಿ," ಎಂದ ರೋಸ್ಕೋ. ಹಲ್ಲು ಕಚ್ಚಿ ಹೇಳುತ್ತಿದ್ದ. "ನಾನೇ ಹೇಳಿದ್ದೆ, ಊಟದ ಹೊತ್ತಲ್ಲಿ, ಎಲ್ಲರ ಮುಂದೆ. ನನಗೆ ಬಾಯಿ ಜಾಸ್ತಿ. ಇವರೂ ಅಲ್ಲೇ ಇದ್ರು, ಕೇಳಿಸ್ಕೊಂಡಿರ್ಬೇಕು."

"ಸರಿ. ಕ್ಯಾಂಟೀನ್," ಎಂದು ಬೆತ್ ಬರೆದುಕೊಂಡಳು.

ಅಲ್ಲಿಗೆ ಎಲ್ಲ ಸುಸೂತ್ರವಾಗಿತ್ತು. ಮೂರು ಸಹಿ ಬಿದ್ದರೆ ಮುಗಿಯಿತು. ನಾಳೆಯಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಇವನು ಎಲ್ಲರಿಗಿಂತ ಮೊದಲು ಬರುತ್ತಾನೆ, ವಾರಕ್ಕೊಂದು ವರದಿ ತಂದು ಇವಳ ಮೇಜಿನ ಮೇಲಿಡುತ್ತಾನೆ, ಅರವತ್ತೊಂದನೆಯ ದಿನ ಹೋಗುತ್ತಾನೆ. ಇವಳ ಕುರ್ಚಿ ಇವಳಿಗಿರುತ್ತದೆ. ಇಷ್ಟೆಲ್ಲ ಆದ ಮೇಲೂ ಅವನು ಇವಳನ್ನು ಉಳಿಸಲು ಸುಳ್ಳು ಹೇಳಿದ್ದ.

"ಕ್ಯಾಂಟೀನ್ ಅಲ್ಲ," ಎಂದಳು ಶರೀಸ್.

"ಶರೀಸ್," ಎಂದ ರೋಸ್ಕೋ, ಎಚ್ಚರಿಸುವ ದನಿಯಲ್ಲಿ.

"ನನ್ನ ಅಡುಗೆಮನೇಲಿ ಹೇಳಿದ್ದು. ಭಾನುವಾರ ಬೆಳಿಗ್ಗೆ, ತಿಂಡಿ ಮಾಡ್ತಾ. ನವೆಂಬರಿಂದ ನಾವಿಬ್ರೂ ಜೊತೆಗಿದೀವಿ ಬೆತ್. ಅದನ್ನ ತಿಳಿಸೋ ಪತ್ರ ಕೊಡ್ಲಿಲ್ಲ, ಅದು ನನ್ನ ತಪ್ಪು. ಅವನಿಗೆ ನ್ಯಾಯವಾಗಿ ಬರಬೇಕಾದದ್ದು ನಾಲ್ಕು. ಜನ ಏನಂತಾರೋ ಅಂತ ಹೆದರಿ ಮೂರು ಮಾಡಿದೆ. ಮಾಡೋಕೆ ಒಂದು ತಪ್ಪು ತೋರಿಸ್ಬೇಕಿತ್ತು. ಹುಡುಕಿದೆ, ಸಿಗ್ಲಿಲ್ಲ. ಕೊನೆಗೆ ಇದನ್ನ ಬರೆದೆ. ಇದೆಲ್ಲ ಬರ್ಕೊಳ್ಳಿ."

ಬೆತ್ ಬರೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಇಬ್ಬರನ್ನೂ ಒಮ್ಮೆ ನೋಡಿ ಎದ್ದಳು. "ನಾನು ಕ್ರೇಗ್ ಹತ್ರ ಮಾತಾಡ್ಬೇಕು. ನಾನು ಬರೋವರೆಗೂ ಇಬ್ಬರೂ ಇಲ್ಲೇ ಇರಿ. ಹೊರಗೆ ಹೋಗ್ಬೇಡಿ, ಯಾರಿಗೂ ಫೋನ್ ಮಾಡ್ಬೇಡಿ." ಬಾಗಿಲು ಅವಳ ಹಿಂದೆ ತಾನಾಗಿ ಮೆಲ್ಲಗೆ ಮುಚ್ಚಿಕೊಂಡಿತು. ಅವಳು ಸಾಲು ಮೇಜುಗಳ ನಡುವೆ ಬಿರಬಿರನೆ ನಡೆದುಹೋಗುವುದು ಗಾಜಿನಲ್ಲಿ ಕಾಣುತ್ತಿತ್ತು. ಒಂದೊಂದಾಗಿ ತಲೆಗಳು ಇತ್ತ ತಿರುಗಿದವು.

"ಯಾಕೆ ಹೇಳ್ದೆ?" ಎಂದ ರೋಸ್ಕೋ. ತುಟಿ ಅಷ್ಟಾಗಿ ಅಲುಗಿಸದೆ ಮಾತಾಡುತ್ತಿದ್ದ. "ನಾನು ಮುಚ್ಚಿಹಾಕಿದ್ನಲ್ಲ."

"ಅದಕ್ಕೇ ಹೇಳ್ದೆ."

"ಒಬ್ಬರು ಹೋಗೋ ಕಡೆ ಇಬ್ಬರೂ ಹೋದ್ವಿ ಈಗ. ಎಂಥ ಜಾಣೆ."

"ಬೈಯಿ ರೋಸ್ಕೋ. ಕೂಗಾಡು ಬೇಕಾದ್ರೆ."

"ಕೂಗಾಡೋಕೆ ಇದೇನು ನಮ್ಮನೇನಾ? ಆಚೆ ನೋಡು, ಎಷ್ಟು ಕಣ್ಣು. ನನ್ನಂಥವನು ಈ ಗಾಜಿನೊಳಗೆ ದನಿ ಎತ್ತಿದ್ರೆ ಕೆಳಗಿಂದ ಕಾವಲಿನವರನ್ನ ಕರೀತಾರೆ. ಬರೋದು ಯಾರು? ಪಾಪ ಲೊರೇನ್ ಅಮ್ಮ, ಆ ಮಂಜುಗಣ್ಣಿಟ್ಕೊಂಡು." ಅವಳಿಗೆ ನಗು ಬಂತು, ಅಳುವೂ ಬಂತು. ಅವನು ನಗಲಿಲ್ಲ. ಮುಖ ಹಸನಾಗಿಯೇ ಇತ್ತು, ಮೇಜಿನ ಕೆಳಗೆ ಮಾತ್ರ ಮುಷ್ಟಿ ಬಿಗಿದಿತ್ತು. "ಅಮ್ಮನ ಮನೇಲಿ ಊಟ ಮಾಡುವಾಗ್ಲೇ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಅವಳು ಪ್ರಾರ್ಥನೆ ಮಾಡುವಾಗ?"

"ಆಗ್ಲೂ."

ರೋಸ್ಕೋ ತೋಳಿನ ಗುಂಡಿಯನ್ನು ಬಿಚ್ಚಿದ. "ಬೇರೆ ಏನು ಬೇಕಾದ್ರೂ ಬರೀಬಹುದಿತ್ತು ನೀನು," ಎಂದ ಕೊನೆಗೆ. "ಸುಳ್ಳೇ ಬರೀಬಹುದಿತ್ತು. ತಡವಾಗಿ ಬರ್ತಾನೆ ಅಂತ ಬರೆದಿದ್ರೂ ನಾನು ಸುಮ್ನಿರ್ತಿದ್ದೆ."

ಕ್ಷಮಿಸು ಎನ್ನುವುದು ಸಣ್ಣ 'ಅಯ್ಯೋ'ದಷ್ಟೇ ಹಗುರವಾಗಿ ಕೇಳಿಸುತ್ತದೆ ಎನಿಸಿ ಶರೀಸ್ ಅದನ್ನು ಹೇಳಲಿಲ್ಲ. ದೂರದ ಮೂಲೆಯಲ್ಲಿ ಕ್ರೇಗ್‌ನ ಕೋಣೆಯ ಪರದೆ ಸರ್ರೆಂದು ಕೆಳಗಿಳಿಯಿತು. ಎದ್ದು ಹೋಗುವಂತಿರಲಿಲ್ಲ, ಕೂತಿರಲೂ ಆಗುತ್ತಿರಲಿಲ್ಲ. ರೋಸ್ಕೋ ಮೇಜಿನ ಮೇಲಿದ್ದ ಪತ್ರವನ್ನು ತನ್ನ ಕಡೆ ಎಳೆದುಕೊಂಡು ಮೊದಲಿನಿಂದ ಓದತೊಡಗಿದ. ಅವನ ಕಣ್ಣು ಒಂದೇ ಸಾಲಿನ ಮೇಲೆ ನಿಂತಿತ್ತು.

ಯಾರೋ ಗಾಜಿನ ಮೇಲೆ ಬೆರಳಿನಿಂದ ಕುಟ್ಟಿದರು. ಹೊರಗೆ ಲ್ಯಾಪ್‌ಟಾಪ್ ಅವುಚಿಕೊಂಡ ಮೂವರು ನಿಂತಿದ್ದರು. ಹನ್ನೊಂದೂವರೆಗೆ ಈ ಕೋಣೆ ಅವರದು. ಮುಂದೆ ನಿಂತಿದ್ದವನು ಮುಗುಳ್ನಗುತ್ತಾ ತನ್ನ ಕೈಗಡಿಯಾರವನ್ನು ತೋರಿಸಿ, ಆಯ್ತಾ ಎಂಬಂತೆ ಹುಬ್ಬೇರಿಸಿದ.

ಒಳಗಿನಿಂದ ಇಬ್ಬರ ಕೈಯೂ ಒಂದೇ ಸಲಕ್ಕೆ ಮೇಲೆದ್ದಿತು, ಬೆರಳುಗಳು ಅಗಲವಾಗಿ. ಇನ್ನು ಐದು ನಿಮಿಷ.